ಗಡಿಯಾರ, ನಕ್ಷೆ, ನೆಲ

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಮಾವಿನ ಉಪ್ಪಿನಕಾಯಿಯ ಭರಣಿಯೊಂದಿದೆ. ಅದರ ಬಾಯಿಗೆ ಬಿಳಿಯ ಅರಿವೆ ಕಟ್ಟಿ, ಮೇಲೆ ಏನಾದರೂ ಭಾರವಾದದ್ದನ್ನು ಇಡುವುದು ಅವ್ವನ ಪದ್ಧತಿ. ಬೇರೆಯವರ ಮನೆಗಳಲ್ಲಿ ಈ ಕೆಲಸಕ್ಕೆ ಒಂದು ಕಲ್ಲು ಸಾಕು. ನಮ್ಮಲ್ಲಿ ಏಳು ವರ್ಷ ಆ ಹುದ್ದೆಯಲ್ಲಿದ್ದದ್ದು ಗಟ್ಟಿ ರಟ್ಟಿನ, ನೀಲಿ ಬಣ್ಣದ ಒಂದು ಪುಸ್ತಕ: ನನ್ನ ಲಾಗ್ ಬುಕ್ಕು. ವಿಮಾನ ಹಾರಿಸುವವನು ಎಲ್ಲಿಂದ ಎದ್ದ, ಎಲ್ಲಿ ಇಳಿದ, ಎಷ್ಟು ಹೊತ್ತು ಆಕಾಶದಲ್ಲಿದ್ದ ಎಂಬುದನ್ನೆಲ್ಲ ತನ್ನ ಕೈಯಾರೆ ಬರೆದಿಡಬೇಕಾದ ಪುಸ್ತಕ ಅದು. ಹೋದ ವರ್ಷ ನಾನದನ್ನು ಭರಣಿಯ ಮೇಲಿಂದ ಎತ್ತಿಕೊಂಡಾಗ ರಟ್ಟಿನ ಮೇಲೆ ಎಣ್ಣೆಯ ದುಂಡನೆಯ ಕಲೆ ಬಿದ್ದಿತ್ತು. ಅವ್ವ ಅದರ ಜಾಗದಲ್ಲಿ ನನ್ನ ಕಾನೂನಿನ ಪುಸ್ತಕವೊಂದನ್ನು ತಂದಿಟ್ಟಳು.

ಹುಮನಾಬಾದಿನ ಕೋರ್ಟಿನಲ್ಲಿ ವಕೀಲಿ ಮಾಡುವ ನಾನು ಒಂದು ಕಾಲಕ್ಕೆ ವಿಮಾನ ಹಾರಿಸುತ್ತಿದ್ದೆನೆಂದರೆ ನನ್ನ ಕಕ್ಷಿದಾರರೇ ನಂಬುವುದಿಲ್ಲ. ಹೈದರಾಬಾದಿನಲ್ಲಿ ಕಾನೂನು ಓದುವಾಗ ನನಗೆ ಎರಡು ಚಟಗಳಿದ್ದವು. ಒಂದು ಚರ್ಚಾಕೂಟ, ಇನ್ನೊಂದು ಹಾರಾಟದ ಕ್ಲಬ್ಬು. ಮೊದಲನೆಯದರಲ್ಲಿ ಯಾವ ಪಕ್ಷ ಕೊಟ್ಟರೂ ಗೆಲ್ಲುವುದನ್ನು ಕಲಿತೆ. ಎರಡನೆಯದರಲ್ಲಿ ಖಾಸಗಿ ಪೈಲಟ್ಟಿನ ಲೈಸೆನ್ಸು ಪಡೆದೆ. ಪುರಾಣಗಳನ್ನು ಮೂರು ಕಾಸಿಗೂ ನಂಬದ ನನಗೆ ಕಲಿಯಲು ಸಿಕ್ಕ ವಿಮಾನದ ಹೆಸರು ಪುಷ್ಪಕ! ಇಬ್ಬರು ಪಕ್ಕಪಕ್ಕ ಕೂರುವ, ರೆಕ್ಕೆಗೆ ಬಟ್ಟೆ ಹೊದಿಸಿದ, ಗಾಳಿ ಬೀಸಿದರೆ ಗಿರಣಿಯ ಜರಡಿಯಂತೆ ಅಲುಗುವ ಪುಟ್ಟ ಯಂತ್ರ. ಆಮೇಲೆ ಅಪ್ಪ ತೀರಿಕೊಂಡರು, ನಾನು ಊರಿಗೆ ಬಂದೆ, ಹಾರಾಟ ನಿಂತಿತು. ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ನನ್ನ ಬಳಿ ಸಿದ್ಧ ಉತ್ತರವಿತ್ತು: ಅರ್ಧ ಹೊಟ್ಟೆಯ ದೇಶದಲ್ಲಿ ಒಬ್ಬನೇ ಆಕಾಶದಲ್ಲಿ ವಿಹರಿಸುವುದು ಭೋಗ, ಭೋಗವೆಂದರೆ ಅಪರಾಧ, ಆದ್ದರಿಂದ ಬಿಟ್ಟೆ. ಹೀಗೆ ಹೇಳಿದಾಗ ಜನ ತಲೆದೂಗುತ್ತಿದ್ದರು. ನಾನೂ ಕ್ರಮೇಣ ತಲೆದೂಗತೊಡಗಿದೆ.

ಇದಕ್ಕೆ ಮಂಗಳ ಹಾಡಿದ್ದು ಬಸವಕಲ್ಯಾಣದ ಶಾಲೆಯೊಂದರಲ್ಲಿ ಗಣಿತ ಕಲಿಸುವ ಶಿಕ್ಷಕಿ. ಅಲ್ಲಿಯ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಚಹಾದ ಹೊತ್ತಿನಲ್ಲಿ ಆಕೆ ಆ ಹಳೆಯ ಪ್ರಶ್ನೆಯನ್ನೇ ಕೇಳಿದರು, ನಾನು ಆ ಹಳೆಯ ಉತ್ತರವನ್ನೇ ಕೊಟ್ಟೆ. ಆಕೆ ಪೂರ್ತಿ ಕೇಳಿಸಿಕೊಂಡು, ಬಸಿಯನ್ನು ಕೆಳಗಿಟ್ಟು, "ಇದು ಭಾಷಣ ಆತ್ರಿ. ಇನ್ನ ಕಾರಣ ಹೇಳ್ರಿ" ಅಂದರು.

ಕಾರಣ ಬೇರೆಯೇ ಇತ್ತು. ಕೊನೆಯ ಬಾರಿ ಇಳಿಯುವಾಗ ನನ್ನ ವಿಮಾನ ನೆಲಕ್ಕೆ ತಾಗಿ ಚೆಂಡಿನಂತೆ ಪುಟಿದಿತ್ತು, ಮತ್ತೆ ಪುಟಿದಿತ್ತು, ಓರೆಯಾಗಿ ಹುಲ್ಲಿಗೆ ನುಗ್ಗಿ ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆವತ್ತು ಮೊಣಕಾಲಿಗೆ ಹತ್ತಿದ ನಡುಕ ನನ್ನನ್ನು ಆ ಕ್ಲಬ್ಬಿನ ಬಾಗಿಲಿಗೆ ಮತ್ತೆ ಹೋಗಗೊಡಲಿಲ್ಲ. ಹೆದರಿದೆ ಅನ್ನುವ ಒಂದು ಶಬ್ದದ ಮೇಲೆ ನಾನು ಬಡವರ ಹಸಿವನ್ನು ಹೊದಿಸಿ ಏಳು ವರ್ಷ ಮುಚ್ಚಿಟ್ಟಿದ್ದೆ. ವಾದಕಲೆಗೆ ಇದಕ್ಕಿಂತ ನೀಚವಾದ ಉಪಯೋಗ ಇರಲಾರದು, ಮತ್ತು ನನಗಿಂತ ಚೆನ್ನಾಗಿ ಅದನ್ನು ಮಾಡಿದವರೂ ಇರಲಾರರು.

ಮತ್ತೆ ಹಾರಿಸುತ್ತೇನೆ ಎಂದಾಗ ಅವ್ವ ಒಂದು ಷರತ್ತು ಹಾಕಿದಳು. ಇಪ್ಪತ್ತೊಂಬತ್ತು ವರ್ಷದ ವಕೀಲನಿಗೆ ತಾಯಿಯ ಅಪ್ಪಣೆ ಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ಆದರೆ ಕಾಯಿದೆ ನಮ್ಮ ಮನೆಯಲ್ಲಿ ಉಣ್ಣುವುದಿಲ್ಲ; ಉಣ್ಣುವವರು ನಾವಿಬ್ಬರೇ.

"ನಮ್ಮೂರ ಮ್ಯಾಲ ಒಮ್ಮೆ ಹಾರಿಸಿ ತೋರಿಸು," ಅಂದಳು. "ನನ್ನ ಕಣ್ಣಿಲೆ ನೋಡ್ತೀನಿ. ಆಮ್ಯಾಲ ಹೂಂ ಅನ್ನೂದೋ ಉಹೂಂ ಅನ್ನೂದೋ ಹೇಳ್ತೀನಿ. ಉಹೂಂ ಅಂದ್ರ ವಾದ ಮಾಡಬಾರದು."

ಒಪ್ಪಿಕೊಂಡೆ. ಕೋರ್ಟಿಗೆ ರಜೆಯಿದ್ದಾಗಲೆಲ್ಲ ಬಸ್ಸು ಹತ್ತಿ ಹೈದರಾಬಾದಿಗೆ ಹೋಗಿ ಅಕ್ಷರಾಭ್ಯಾಸದಿಂದ ಶುರು ಮಾಡಿದೆ. ಕಲಿಸುವವರು ಸೈನ್ಯದಿಂದ ನಿವೃತ್ತರಾದ, ವಿಜಾಪುರದ ಕಡೆಯ ಒಬ್ಬರು. ಎಲ್ಲರೂ ಅವರನ್ನು ಕ್ಯಾಪ್ಟನ್ ಸಾಹೇಬರು ಅನ್ನುತ್ತಿದ್ದರು. ಲಾಗ್ ಬುಕ್ಕಿನ ಕಲೆಯನ್ನು ಮೂಸಿ ನೋಡಿ, ಇಂಜಿನ್ನಿನ ಎಣ್ಣೆಗೆ ಇಷ್ಟು ಒಳ್ಳೆಯ ವಾಸನೆ ಇರುವುದಿಲ್ಲವಲ್ಲ ಅಂದರು. ಕೈ ಮರೆತಿರಲಿಲ್ಲ, ಮೊಣಕಾಲು ಮಾತ್ರ ಎಲ್ಲವನ್ನೂ ನೆನಪಿಟ್ಟಿತ್ತು. ಹತ್ತಾರು ಬಾರಿ ಇಳಿಸಿದ ಮೇಲೆ ಅದೂ ಸುಮ್ಮನಾಯಿತು. ಉಳಿದದ್ದು ಒಂದೇ ಪರೀಕ್ಷೆ. ಸಾಹೇಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಮನಾಬಾದಿಗೆ, ಅಲ್ಲಿಂದ ಬಸವಕಲ್ಯಾಣದ ಕೋಟೆಗೆ ಹೋಗಿ ಹಿಂದಿರುಗಬೇಕು. ಅವರು ಸಹಿ ಹಾಕಿದರೆ ಮುಂದೆ ನಾನೊಬ್ಬನೇ ಹಾರಬಹುದು. ಅವ್ವನ ಷರತ್ತು, ಸಾಹೇಬರ ಪರೀಕ್ಷೆ ಎರಡನ್ನೂ ಒಂದೇ ಬೆಳಗಿನಲ್ಲಿ ಮುಗಿಸುವ ಲೆಕ್ಕ ಹಾಕಿ, ಗುರುವಾರ ಹತ್ತೂ ಇಪ್ಪತ್ತರ ಸುಮಾರಿಗೆ ಮಾಳಿಗೆಯ ಮೇಲಿರು ಎಂದು ಮನೆಗೆ ಕಾಗದ ಬರೆದೆ.

ದಾರಿ ಹುಡುಕುವುದಕ್ಕೆ ಪೈಲಟ್ಟುಗಳಲ್ಲಿ ಒಂದು ಕ್ರಮವಿದೆ, ಮಿತ್ರರೇ, ಅದನ್ನು ನೀವು ತಿಳಿಯಬೇಕು. ಮೊದಲು ಗಡಿಯಾರ, ಆಮೇಲೆ ನಕ್ಷೆ, ಕೊನೆಗೆ ನೆಲ. ಹೊರಟು ಇಷ್ಟು ನಿಮಿಷವಾಯಿತು, ಆದ್ದರಿಂದ ನಕ್ಷೆಯ ಈ ಬಿಂದುವಿನಲ್ಲಿರಬೇಕು, ಅಂದರೆ ಕೆಳಗೆ ಇಂಥ ರಸ್ತೆ, ಇಂಥ ಕೆರೆ ಕಾಣಬೇಕು. ಈಗ ಬಗ್ಗಿ ನೋಡು, ಇದೆಯೋ ಇಲ್ಲವೋ. ಇದನ್ನು ತಿರುವುಮುರುವು ಮಾಡಬಾರದು. ಮೊದಲೇ ಕೆಳಗೆ ನೋಡಿ, ಕಂಡ ಊರಿಗೊಂದು ಹೆಸರು ಕೊಟ್ಟು, ಆಮೇಲೆ ನಕ್ಷೆ ಬಿಡಿಸಿದರೆ ನಕ್ಷೆ ಪಾಪ ಯಾವುದಕ್ಕೂ ಒಪ್ಪಿಬಿಡುತ್ತದೆ.

ಅಂದು ಮನ್ನಾಏಖೇಳ್ಳಿಯವರೆಗೆ ಹೆದ್ದಾರಿಯನ್ನು ಬೆರಳಲ್ಲಿ ಹಿಡಿದಂತೆ ಹಿಡಿದು ಬಂದೆ. ಅಲ್ಲಿಂದಾಚೆಗೆ ನನ್ನ ನೆಲ. ಹುಟ್ಟಿ ಬೆಳೆದವನಿಗೆ ನಕ್ಷೆ ಯಾಕೆಂದು ಅದನ್ನು ಮಡಚಿ ತೊಡೆಯ ಕೆಳಗೆ ಇಟ್ಟೆ. ಸಾಹೇಬರು ಅದನ್ನು ನೋಡಿದರು. ಸ್ವಲ್ಪ ಹೊತ್ತಿಗೆ ರಸ್ತೆಯ ಮಗ್ಗುಲಲ್ಲಿ ದೊಡ್ಡ ಊರೊಂದು ಬಂತು. ಹುಮನಾಬಾದು ಅಂದೆ.

"ಆರು ನಿಮಿಷ ಮೊದಲ ಬಂತಲ್ಲರಿ," ಅಂದರು ಸಾಹೇಬರು.

ಹಿಂದಿನಿಂದ ಗಾಳಿಯಿದೆ, ತಳ್ಳಿದೆ ಅಂದೆ. ಆ ಚಿಮಣಿ ಯಾವುದು ಎಂದು ಕೇಳಿದರು. ಊರಾಚೆಯ ಇಟ್ಟಿಗೆ ಭಟ್ಟಿ ಅಂದೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿವೆಯಲ್ಲ ಅಂದರು. ಸಂತೆ ಇರಬೇಕು ಅಂದೆ. ನೋಡಿ, ನನ್ನ ಬಳಿ ಪ್ರತಿಯೊಂದಕ್ಕೂ ಉತ್ತರವಿತ್ತು. ಅದು ಹಳ್ಳಿಖೇಡವೆಂದು, ಆ ಚಿಮಣಿ ಸಕ್ಕರೆ ಕಾರ್ಖಾನೆಯದೆಂದು, ಅದರ ಎದುರಿನ ಅಂಗಡಿಯಲ್ಲೇ ತಿಂಗಳಿಗೊಮ್ಮೆ ಚಹಾ ಕುಡಿಯುವ ನನಗೆ ಹೊಳೆಯಲಿಲ್ಲ. ಕೆಳಗೆ ನಿಂತು ತಲೆಯೆತ್ತಿದರೆ ಟೊಪ್ಪಿಗೆ ಬೀಳುವಷ್ಟು ಎತ್ತರವಾದದ್ದು ಮೇಲಿನಿಂದ ನೆಲಕ್ಕೆ ಬಡಿದ ಗೂಟದಂತೆ ಕಾಣುತ್ತದೆ. ಎಡದಿಂದ ಬೀಸುತ್ತಿದ್ದ ಗಾಳಿ ನಮ್ಮನ್ನು ಉತ್ತರಕ್ಕೆ ತಳ್ಳಿತ್ತು. ಕೆಳಗಿದ್ದದ್ದು ಹುಮನಾಬಾದಿನ ಚೌರಸ್ತೆಯಲ್ಲ, ಬೀದರಿಗೆ ಹೋಗುವ ರಸ್ತೆ. ಆದರೂ ನಾನು ಅವ್ವ ಕಾಣಲೆಂದು ಆ ಊರಿನ ಮೇಲೆ ಒಂದು ಸುತ್ತು ಹಾಕಿದೆ. ಅಪರಿಚಿತರ ಮಾಳಿಗೆಗಳಿಗೆ ಮನಸ್ಸಿನಲ್ಲೇ ಕೈ ಬೀಸಿದೆ.

ಅಲ್ಲಿಂದ ಕಲ್ಯಾಣದತ್ತ ತಿರುಗಿದೆ. ಕಲ್ಯಾಣ ಅವ್ವನ ತವರೂರು. ಆ ಕೋಟೆಯ ಗೋಡೆಗಳ ಮೇಲೆ ನಾನು ಓಡಾಡಿದವನು. ಅದು ಬರಬೇಕಾದ ನಿಮಿಷ ಬಂತು, ಕೋಟೆ ಬರಲಿಲ್ಲ. ಇನ್ನೂ ನಾಲ್ಕು ನಿಮಿಷ ಕಳೆದವು. ಕೆಳಗೆ ಕಪ್ಪು ಹೊಲ, ಒಂದು ಹಳ್ಳ, ಹೆಸರಿಲ್ಲದ ಒಂದು ಹಳ್ಳಿ. ನಕ್ಷೆಯನ್ನು ಎಳೆದು ಬಿಡಿಸಿದೆ. ಅದು ನನ್ನನ್ನೇ ನೋಡಿತು. ಬಾಯಿಯಲ್ಲಿ ಮೂರು ಸಮರ್ಥನೆಗಳು ಸಾಲಾಗಿ ನಿಂತಿದ್ದವು, ಒಂದಕ್ಕಿಂತ ಒಂದು ಸೊಗಸಾದವು. ಆದರೆ ಪೆಟ್ರೋಲಿನ ಮುಳ್ಳು ವಾದ ಕೇಳುವುದಿಲ್ಲ. ಸಭೆಯಲ್ಲಿ ಸೋತವನು ಕೆಳಗಿಳಿದು ಮನೆಗೆ ಹೋಗಬಹುದು. ಇಲ್ಲಿ ಗೆದ್ದರೂ ಇಳಿಯಲು ಜಾಗ ಬೇಕು.

"ನಾ ಎಲ್ಲಿದೀನಿ ನನಗ ಗೊತ್ತಿಲ್ಲರಿ," ಅಂದೆ.

ಸಾಹೇಬರು ಹಿಡಿಕೆಗೆ ಕೈ ಹಾಕಿ ವಿಮಾನವನ್ನು ಎಡಕ್ಕೆ ಓಲಿಸಿದರು. ದೂರ, ದಕ್ಷಿಣದಲ್ಲಿ, ಕಲ್ಯಾಣದ ಕೋಟೆ ಅಂಗೈಯಗಲದ ಒಂದು ಕಲ್ಲಿನ ಗುಪ್ಪೆಯಾಗಿ ಕುಳಿತಿತ್ತು, ಪಕ್ಕದಲ್ಲಿ ಕೆರೆ ಹೊಳೆಯುತ್ತಿತ್ತು. ಮನ್ನಾಏಖೇಳ್ಳಿ ದಾಟಿದಾಗಲೇ ಅವರಿಗೆ ಎಲ್ಲ ಗೊತ್ತಿತ್ತು. ಸುತ್ತು ಹಾಕಿ ಹುಮನಾಬಾದಿಗೆ ಹೋಗುವಷ್ಟು ಪೆಟ್ರೋಲು ಉಳಿದಿರಲಿಲ್ಲ; ನೇರ ಹಿಂದಿರುಗಿದೆವು. ಇಳಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ವಕೀಲ ಸಾಹೇಬ್ರ, ಚಿಮಣಿ ಹೊಗಿ ಯಾವ ಕಡೆ ಹೊಂಟಿತ್ತು?"

ಉತ್ತರಕ್ಕೆ. ನಾನದನ್ನು ಕಂಡಿದ್ದೆ. ಗಾಳಿ ಎತ್ತ ಬೀಸುತ್ತಿದೆಯೆಂದು ಅಷ್ಟು ಉದ್ದ ಬರೆದಿಟ್ಟ ಸಾಕ್ಷ್ಯವನ್ನು ಕಣ್ಣಾರೆ ಕಂಡು, ಅದು ನನ್ನ ಪಕ್ಷದ್ದಲ್ಲವೆಂದು ಕೈಬಿಟ್ಟಿದ್ದೆ. ಸಾಹೇಬರು ಸಹಿ ಹಾಕಲಿಲ್ಲ. ಒಂದು ತಿಂಗಳು ಬಿಟ್ಟು ಬನ್ನಿ ಎಂದರು.

ಮರುದಿನ ಮಧ್ಯಾಹ್ನ ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ, ಮಾಳಿಗೆಯ ಮೇಲೆ ಸುಮ್ಮನೆ ಕಾದ ಅವ್ವನಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದೆ. ಆದರೆ ಸಿಕ್ಕ ಮೊದಲ ಮನುಷ್ಯ ಕೈ ಕುಲುಕಿದ. ಎರಡನೆಯವನು ಬೆನ್ನು ತಟ್ಟಿದ. ನಮ್ಮ ಓಣಿಯ ತಿರುವಿನಲ್ಲಿ ಗಡಿಯಾರ ರಿಪೇರಿಯ ಅಂಗಡಿಯ ಗಫೂರ್ ಚಾಚಾ ಕಣ್ಣಿನ ಭೂತಗನ್ನಡಿಯನ್ನು ಹಣೆಗೇರಿಸಿ ಎದ್ದೇ ನಿಂತರು.

"ಹತ್ತು ಗಂಟಿ ಬಾವೀಸ್ ಮಿನಿಟ್, ಬೇಟಾ. ಸೆಕೆಂಡ್ ಮುಳ್ಳು ಸಹಿತ ನೋಡಿಟ್ಟೀನಿ. ಏನ್ ಹಾರಿಸಿದಿ. ನಮ್ಮ ಮಾಳಿಗಿ ಮ್ಯಾಲ ಬಂದಾಗ ರೆಕ್ಕಿ ಹೀಂಗ ಬಗ್ಗಿಸಿ ಸಲಾಂ ಮಾಡಿದೆಲ್ಲ, ನಿಮ್ಮವ್ವ ಅತ್ತಬಿಟ್ಲು."

ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಬೀದರಿನಲ್ಲಿ ವಾಯುಪಡೆಯ ಹುಡುಗರು ತರಬೇತಿ ಪಡೆಯುತ್ತಾರೆ. ಅವರಲ್ಲೊಬ್ಬ, ಎಂದೂ ಬರುವಂತೆ, ಅಂದೂ ಈ ಕಡೆ ಬಂದು ಹೋಗಿದ್ದ.

ನನ್ನ ಅವ್ವನ ಅಪ್ಪ ಹೇಳುತ್ತಿದ್ದ ಕತೆಯೊಂದಿದೆ: ಅವರ ಕಾಲದ ಸ್ವಾಮಿಗಳೊಬ್ಬರು ಒಂದೇ ಗಳಿಗೆಯಲ್ಲಿ ಕಲ್ಯಾಣದಲ್ಲೂ ಹುಮನಾಬಾದಿನಲ್ಲೂ ಕಾಣಿಸಿಕೊಂಡರಂತೆ. ಹದಿನಾರರ ವಯಸ್ಸಿನಲ್ಲಿ ನಾನು ಆ ಮುದುಕರನ್ನು ಪಾಟೀಸವಾಲಿಗೆ ಒಳಪಡಿಸಿದ್ದೆ. ಯಾವ ಗಳಿಗೆ, ಯಾರ ಗಡಿಯಾರ, ನೋಡಿದವರು ಎಷ್ಟು ದೂರ ನಿಂತಿದ್ದರು? ಅವರು ತಲೆ ತಗ್ಗಿಸಿದಾಗ ಬಹಳ ಸಂತೋಷವಾಗಿತ್ತು. ಈಗ ಗಡಿಯಾರವಿತ್ತು, ಗಳಿಗೆಯಿತ್ತು, ಇಡೀ ಓಣಿ ಸಾಕ್ಷಿಯಿತ್ತು, ಮತ್ತು ಹತ್ತೂ ಇಪ್ಪತ್ತೆರಡಕ್ಕೆ ಕಲ್ಯಾಣದ ದಾರಿಯ ಹೊಲಗಳ ಮೇಲೂ ಹುಮನಾಬಾದಿನ ಮೇಲೂ ಏಕಕಾಲಕ್ಕೆ ಕಾಣಿಸಿಕೊಂಡ ಮಹಾನುಭಾವ ನಾನೇ ಆಗಿದ್ದೆ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನಾನು ಮೇಲಿನಿಂದ ಮಾಡಿದ್ದನ್ನೇ ಅವರು ಕೆಳಗಿನಿಂದ ಮಾಡಿದ್ದರು. ನಾನು ಮಾಡಿದ್ದು ಸೊಕ್ಕಿನಿಂದ, ಅವರು ಮಾಡಿದ್ದು ಅಕ್ಕರೆಯಿಂದ, ಅಷ್ಟೇ ವ್ಯತ್ಯಾಸ.

ಮನೆಯಲ್ಲಿ ಅವ್ವ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ತಲೆಯೆತ್ತದೆಯೇ, "ನೋಡಿದೆ. ನಂದು ಹೂಂ. ಇನ್ನ ನಿನ್ನ ಮನಸ್ಸಿಗೆ ಬಂದಷ್ಟು ಹಾರಿಸು" ಅಂದಳು. ಬೇಕಾದದ್ದು ಕೈಗೆ ಬಂದಿತ್ತು. ಸುಮ್ಮನಿದ್ದರೆ ಸಾಕಿತ್ತು, ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ನಿಜ ಹೇಳಿದರೆ ಆ ಹೂಂ ಉಹೂಂ ಆಗುತ್ತದೆ, ವಾದಿಸುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ, ಆಕಾಶ ಈ ಸಲ ಶಾಶ್ವತವಾಗಿ ಮುಚ್ಚುತ್ತದೆ. ಹೂರಣ ನುಣ್ಣಗಾಗುವವರೆಗೂ ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದೆ. ಏಳು ವರ್ಷ ಒಂದು ಸುಳ್ಳು ಕಾರಣ ಹೇಳಿ ನೆಲದ ಮೇಲಿದ್ದೆ. ಇನ್ನೊಂದು ಸುಳ್ಳನ್ನು ಹೊತ್ತು ಮೇಲೇಳುವುದು ನನ್ನಿಂದ ಆಗಲಿಲ್ಲ.

"ಅವ್ವಾ, ಅದು ನಾ ಅಲ್ಲ. ನನಗ ದಾರಿ ತಪ್ಪಿತ್ತು. ನಮ್ಮೂರಂತ ತಿಳಕೊಂಡು ಹಳ್ಳಿಖೇಡ ಸುತ್ತಿ ಬಂದೆ. ತಪ್ಪು ನಂದ."

ರುಬ್ಬುವ ಕೈ ನಿಂತಿತು. "ಮತ್ತ ನಾವು ಕೈ ಬೀಸಿದ್ದು ಯಾರಿಗೆ?"

ಬೀದರಿನ ಯಾವನೋ ಹುಡುಗನಿಗೆ ಎಂದೆ. ಅವ್ವ ಕಣಕದ ಒಂದು ಉಂಡೆ ಮಾಡಿದಳು, ಇನ್ನೊಂದು ಮಾಡಿದಳು.

"ಇಪ್ಪತ್ತೊಂಬತ್ತು ವರ್ಷ ಭೂಮಿ ಮ್ಯಾಲ ತಿರಗ್ಯಾಡೀದಿ. ಒಮ್ಮೆರೆ ತಪ್ಪು ನಂದು ಅಂದೀಯೇನು? ನಿಮ್ಮಪ್ಪ ಸಾಯೂತನಾ ಕಾದ, ಅನ್ನಲಿಲ್ಲ ನೀ. ಒಂದ್ ಮುಂಜಾನಿ ಮ್ಯಾಲ ಹೋಗಿ ಬಂದು ಅನ್ನಾಕತ್ತೀದಿ." ಉಂಡೆಯನ್ನು ಲಟ್ಟಣಿಗೆಯ ಕೆಳಗಿಟ್ಟು ಒತ್ತಿದಳು. "ಹೋಗು. ಹೋಗಿ ಬರ್ತಾ ಇರು."

ತಿಂಗಳು ಕಳೆದ ಮೇಲೆ ಸಾಹೇಬರು ಸಹಿ ಹಾಕಿದರು, ಅದರ ಮುಂದಿನ ವಾರ ಒಬ್ಬನೇ ಬಂದೆ. ಗಡಿಯಾರ ನೋಡಿದೆ, ನಕ್ಷೆ ನೋಡಿದೆ, ಆಮೇಲೆ ಬಗ್ಗಿದೆ: ಪಕ್ಕದ ಹುಡಗಿ ಎಂಬ ಹಳ್ಳಿಯ ಹೊಲಗಳು, ಹೆದ್ದಾರಿಯ ಚೌರಸ್ತೆ, ನಮ್ಮ ಓಣಿ. ಅಂದು ದಿನ ಯಾವುದೆಂದು ಯಾರಿಗೂ ತಿಳಿಸಿರಲಿಲ್ಲ. ಮಾಳಿಗೆಗಳ ಮೇಲೆ ಒಂದು ನರಪಿಳ್ಳೆ ಇರಲಿಲ್ಲ, ಯಾರದೋ ಕೆಂಪು ಕಂಬಳಿ ಮಾತ್ರ ಬಿಸಿಲಿಗೆ ಬಿದ್ದಿತ್ತು. ಆ ಗಳಿಗೆಯಲ್ಲಿ ನಾನು ಅಲ್ಲಿದ್ದೆ ಎನ್ನಲು ಒಬ್ಬನೇ ಒಬ್ಬ ಸಾಕ್ಷಿದಾರನಿಲ್ಲ. ಹೀಗಾಗಿ, ಮಿತ್ರರೇ, ನನ್ನ ಮಾತನ್ನೇ ನಂಬಬೇಕು ನೀವು. ಹಾಗೆಂದು ಯಾರನ್ನಾದರೂ ಕೇಳಿಕೊಳ್ಳುವ ಅಭ್ಯಾಸ ನನಗೆ ಇನ್ನೂ ಹೊಸದು.