ಗಾಜಿನ ಹೆಂಚಿನ ಬಿಸಿಲು

ಸಿರುಮುಗೈಯ ನೇಕಾರರ ಬೀದಿಯಲ್ಲಿ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವುದು ಹೆಂಗಸರ ಕೆಲಸ, ಕುಣಿಮಗ್ಗಕ್ಕಿಳಿದು ನೇಯುವುದು ಗಂಡಸರದು. ಮದುವೆಯಾಗಿ ಬಂದಾಗಿನಿಂದ ಜಾನಮ್ಮ ಕಂಡಿಕೆಯನ್ನೇ ಸುತ್ತಿದ್ದಳು. 2008ರ ಬೇಸಿಗೆಯಲ್ಲಿ ಗಂಡ ಕುಪ್ಪಸಾಮಿ ಸೈಕಲ್ಲಿನಿಂದ ಬಿದ್ದು ಭುಜ ಮುರಿದುಕೊಂಡಾಗ, ಅರ್ಧಕ್ಕೆ ನಿಂತ ಸೀರೆಯನ್ನು ನೋಡಲಾರದೆ ಅವಳೇ ಕುಣಿಗಿಳಿದಳು. ಇಳಿದ ಮೇಲೆ ಏಳುವ ಮನಸ್ಸೇ ಆಗಲಿಲ್ಲ. ಅಷ್ಟು ಸುಖ ಅವಳಿಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿರಲಿಲ್ಲ.

ಅತ್ತೆ ಸುಬ್ಬಾತಾಳ್ ಮುಖ ಗಂಟಿಕ್ಕಿಕೊಂಡೇ ಒಪ್ಪಿದ್ದಳು. "ಈ ಪಾವು ಒಂದು ಮುಗೀಲಿ. ನೂಲು ಹಾಳಾಯ್ತೋ, ಎದ್ದು ಬಂದ್ಬುಡು. ಆಮೇಲೆ ಮಗ್ಗದ ಪಕ್ಕ ತಿರುಗಿ ನೋಡಬಾರ್ದು." ಮಗ್ಗಕ್ಕೇರಿಸಿದ ಹಾಸುನೂಲಿಗೆ ಅವರು ಪಾವು ಎನ್ನುತ್ತಾರೆ.

ಮಗ್ಗದ ಕೋಣೆಗಿದ್ದದ್ದು ಅಂಗೈಯಗಲದ ಕಿಟಕಿ. ಹಗಲಿಡೀ ಟ್ಯೂಬ್‌ಲೈಟು ಉರಿಯಬೇಕು, ಬಿಲ್ಲು ಬಂದ ದಿನ ಅತ್ತೆಯ ಬಾಯಿಗೆ ಬೀಗವಿಲ್ಲ. ಆ ವರ್ಷವಂತೂ ಕರೆಂಟು ಯಾವಾಗ ಹೋಗುತ್ತದೋ ಹೇಳುವಂತಿರಲಿಲ್ಲ. ಸೂರ್ಯ ಪುಕ್ಕಟೆ ಸಿಗುವಾಗ ಈ ದಂಡ ಯಾಕೆಂದು ಜಾನಮ್ಮ ಮಗ್ಗದ ನೇರಕ್ಕಿದ್ದ ಹೆಂಚು ತೆಗೆಸಿ ಗಾಜಿನ ಹೆಂಚು ಹಾಕಿಸಿದಳು. ಪಾವು ಏರಿರುವಾಗ ಸೂರಿಗೆ ಕೈ ಹಚ್ಚಬಾರದೆಂಬುದು ಆ ಮನೆಯ ಪದ್ಧತಿ. ಯಾಕೆಂದು ಯಾರೂ ಹೇಳಿರಲಿಲ್ಲ. ಕಾರಣ ಹೇಳಿದರೆ ದೊಡ್ಡವರ ದೊಡ್ಡಸ್ತಿಕೆ ಉಳಿಯಬೇಕಲ್ಲ!

ಮೊದಮೊದಲು ಮೋಡವಿತ್ತು. ಕೋಣೆ ತಾನಾಗಿ ಬೆಳಗಿತು, ಸ್ವಿಚ್ಚು ಮುಟ್ಟುವ ಕೆಲಸವೇ ಬೀಳಲಿಲ್ಲ. ಆಮೇಲೊಂದು ಮಧ್ಯಾಹ್ನ ಬಿಸಿಲು ನೆಟ್ಟಗೆ ಹಾಸಿನ ಮೇಲೆ ಇಳಿಯಿತು. ಟಪ್ಪೆಂದು ಒಂದು ಎಳೆ ಹರಿಯಿತು. ಗಂಟು ಹಾಕುವಷ್ಟರಲ್ಲಿ ಪಕ್ಕದ್ದು, ಅದರ ಪಕ್ಕದ್ದು. ಗಂಜಿ ಹಾಕಿದ ಹತ್ತಿನೂಲಿಗೆ ತೇವ ಬೇಕು, ಮಗ್ಗದ ಕೋಣೆಯನ್ನು ಕತ್ತಲೆಯಾಗಿ ಇಡುವುದೇ ಅದಕ್ಕೆಂದು ಅವಳಿಗೆ ಈಗ ಹೊಳೆಯಿತು.

ಜಗಲಿಯಲ್ಲಿದ್ದ ಸುಬ್ಬಾತಾಳ್‌ಗೆ ಕಣ್ಣಿಂದ ನೋಡಬೇಕೆಂದಿಲ್ಲ, ಲಾಳಿಯ ಸದ್ದು ನಿಂತರೆ ಸಾಕು.

"ಏನಾಯ್ತು?"

"ಒಂದೂ ಇಲ್ಲ ಅತ್ತೆ."

ಹೆಂಚಿಗೆ ಗೋಣಿ ಮುಚ್ಚೋಣವೆಂದರೆ ಕರೆಂಟಿಲ್ಲ, ಕತ್ತಲಲ್ಲಿ ಹರಿದ ಎಳೆ ಕಾಣುವುದಿಲ್ಲ. ಬಿಟ್ಟರೆ ಸಂಜೆಯೊಳಗೆ ಸೀರೆಯ ತುಂಬ ಗಂಟು. ಕುಪ್ಪಸಾಮಿ ಬಂದು ಇಣುಕಿದ. "ಪೋದುಂ, ಸಾಕು, ಎದ್ದು ಬಾ. ನನ್ನ ಭುಜ ಕೂಡ್ಲಿ, ನಾನೇ ನೋಡ್ಕೊಳ್ತೀನಿ."

ಜಾನಮ್ಮ ಎದ್ದಳು, ಸೋತು ಅಲ್ಲ. ಹಾಸಿನ ಮೇಲೆ ಗೋಣಿ ಹೊದಿಸಿ, ಗಂಡನ ಬಿಳಿ ಪಂಚೆ, ಅವರ ಮಾತಿನ ವೇಷ್ಟಿಯನ್ನು, ನೀರಲ್ಲಿ ಅದ್ದಿ, ಅಂಗೈ ಕೆಂಪಾಗುವಂತೆ ಹಿಂಡಿದಳು. ಸ್ಟೂಲು ಹತ್ತಿ ಗಾಜಿನ ಕೆಳಗೆ ಜಂತಿಯಿಂದ ಜಂತಿಗೆ ಕಟ್ಟಿದಳು. ಉರಿಬಿಸಿಲು ಸೋಸಿ ತಂಪು ಬೆಳಕಾಯಿತು. ಗೋಣಿ ತೆಗೆದು ಕುಣಿಗಿಳಿದಳು.

ಇಳಿದು ತಲೆಯೆತ್ತಿದರೆ, ಜೋತ ವೇಷ್ಟಿಯ ನಡುವಿನಲ್ಲಿ ಒಂದು ಹನಿ ದಪ್ಪವಾಗುತ್ತಿತ್ತು. ಕೆಳಗೆ ಕಡುಗೆಂಪು ಹಾಸು, ಅದಕ್ಕೆ ತಾಗಿ ಬಿಳಿ ಅಂಚು. ನೀರು ಬಿದ್ದರೆ ಬಣ್ಣ ಅಂಚಿಗೆ ಹರಿಯುತ್ತದೆ, ಆಮೇಲೆ ದೇವರು ಒಗೆದರೂ ಹೋಗುವುದಿಲ್ಲ. ಕುಣಿಯಿಂದ ಕೈ ಎಟುಕುವಂತಿರಲಿಲ್ಲ.

ಸುಕ್ಕುಗಟ್ಟಿದ ಅಂಗೈಯೊಂದು ಅಡ್ಡ ಬಂತು. ಹನಿ ಅದರಲ್ಲಿ ಬಿತ್ತು. ಸುಬ್ಬಾತಾಳ್ ಯಾವಾಗ ಒಳಗೆ ಬಂದಳೋ ಗೊತ್ತಿಲ್ಲ. ಜೋತ ಬಟ್ಟೆಯನ್ನು ಕೆಳಗಿನಿಂದಲೇ ಒಣ ಸೆರಗಿನಿಂದ ಒತ್ತಿ ಒರೆಸಿದಳು.

"ನೇಯಿ," ಎಂದಳು.

ಜಾನಮ್ಮ ಲಾಳಿ ಎಸೆದಳು. ಎಳೆ ಹರಿಯಲಿಲ್ಲ. ಮತ್ತೆ ಎಸೆದಳು. ಹರಿಯಲಿಲ್ಲ. ಅತ್ತೆ ಗೋಡೆಗೊರಗಿ ನಿಂತು ಲಾಳಿಯ ಸದ್ದನ್ನು ಕೇಳುತ್ತಲೇ ಇದ್ದಳು. ಬಟ್ಟೆ ಒಣಗುತ್ತ ಬಂದಂತೆ ತಾನೇ ನೀರು ಚಿಮುಕಿಸಿ ಒತ್ತಿದಳು.

ಹೊತ್ತು ಇಳಿಯುವ ಮೊದಲೇ ಕರೆಂಟು ಬಂತು. ಕುಪ್ಪಸಾಮಿ ಹಿಗ್ಗಿನಿಂದ ಟ್ಯೂಬ್‌ಲೈಟು ಹಾಕಿ, "ಸರಿ, ಇನ್ನು ಎದ್ದೇಳು. ಪಕ್ಕದ್ಮನೆ ಮುರುಗೇಶನ್ನ ಕರೀತೀನಿ, ಉಳಿದದ್ದು ಅವ್ನು ನೇಯ್ಲಿ," ಎಂದ.

ಸುಬ್ಬಾತಾಳ್ ಕೈ ಚಾಚಿ ಲೈಟು ಆರಿಸಿದಳು.

"ಅವ್ನು ಯಾಕ್‌ಡಾ? ನಮ್ಮನೇಲಿ ನೇಯೋರು ಇದ್ದಾರಲ್ಲ."