ಅರ್ಧ ನೀಲಿ ಬಾಗಿಲು

ರೇಷ್ಮೆ ಹುಳುಮನೆ ಬಾಗಿಲಿಗೆ ಮೇಲೆ ಮಾತ್ರ ನೀಲಿ ಯಾಕೆ ಅಂತ ನೀವು ಕೇಳಿದಾಗೆಲ್ಲ ನಾನು ಎದ್ದು ಒಳಗೆ ಹೋಗುತ್ತೇನೆ. ಬಾಯಲ್ಲಿ ಹೇಳಲು ಆಗುವುದಿಲ್ಲ ಮಕ್ಕಳೇ, ಬರೆದಿದ್ದೇನೆ.

ನಿಮ್ಮ ತಾತ ಹೋದ ಮೇಲೆ ನಾನೊಬ್ಬಳೇ ಸಾಕಿದ ಮೊದಲ ರೇಷ್ಮೆ ಬೆಳೆ ಅದು. "ಮಾತೇ ಆಡದವಳು ಗೂಡು ಮಾಡಿಸ್ತಾಳಾ? ಈ ಬೆಳೆ ನೋಡಣ. ಕೆಟ್ರೆ ತೋಟ ನಾನು ನೋಡ್ಕೋತೀನಿ," ಎಂದು ತಾತನ ಅಣ್ಣ, ನಿಮ್ಮ ದೊಡ್ಡ ತಾತ, ಎಲ್ಲರೆದುರಿಗೇ ಅಂದಿದ್ದರು. ಹಿಪ್ಪುನೇರಳೆ ತೋಟ ಬಿಟ್ಟರೆ ನನಗೆ ಬೇರೇನೂ ಇರಲಿಲ್ಲ.

ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು. ಇನ್ನೊಂದು ವಾರ ತಿಂದರೆ ಗೂಡು. ಆಗ ಗೌರಿಬಿದನೂರಿನಿಂದ ನನ್ನ ತಮ್ಮ ಬಂದ. ಅಕ್ಕನಿಗೆ ಏನಾದರೂ ಮಾಡಿಕೊಡಬೇಕೆಂಬ ಆಸೆ ಅವನಿಗೆ. ಸೊಪ್ಪು ಸಾಲದೆ ನಾನು ದಿಬ್ಬೂರಹಳ್ಳಿಗೆ ಹೋದ ದಿನ, ಹುಳುಮನೆಯ ಬಿರುಕುಬಿಟ್ಟ ವಾರ್ನಿಷ್ ಬಾಗಿಲಿಗೆ ಬಣ್ಣ ಹೊಡೆಯಲು ಹೊರಟ. ಉಪ್ಪುಕಾಗದದಲ್ಲಿ ಹೊಳಪು ಹೋಗುವ ತನಕ ಉಜ್ಜಿ, ಥಿನ್ನರ್ ಬಟ್ಟೆಯಲ್ಲಿ ಜಿಡ್ಡು ಒರೆಸಿ, ಪ್ರೈಮರ್ ಹಚ್ಚಿದ್ದ. ಹಸಿ ಬಣ್ಣಕ್ಕೆ ದೂಳು ಕೂರಬಾರದೆಂದು ಕಿಟಕಿಗಳನ್ನೂ ಮುಚ್ಚಿದ್ದ. ಹುಳುವಿಗೆ ವಾಸನೆ ಆಗದೆಂದು ಊದುಬತ್ತಿಯನ್ನೂ ಹಚ್ಚದ ಕೋಣೆ ಅದು.

ನಾನು ಬರುವಾಗ ನೀಲಿ ಬಳಿಯುತ್ತಿದ್ದ.

"ಏನೋ ಇದು ವಾಸನೆ?"

"ಪೇಂಟು ಕಣಕ್ಕ. ನೋಡು, ಹೆಂಗ್ ಮಿಂಚ್ತಾ ಐತೆ!"

"ಒಳಗೆ ಹುಳ ಐತಲ್ಲೋ!"

"ಅವಕ್ಕೆ ಮೂಗೈತಾ?" ಎಂದು ನಕ್ಕ.

ಕಿಟಕಿ ತೆಗೆದು ಹುಳುವಿನ ತಟ್ಟೆಗಳಿಗೆ ಸೊಪ್ಪು ಹಾಕಿದೆ. ಹುಳು ತಿನ್ನುವ ಸದ್ದೇ ಇಲ್ಲ. ತಲೆಯೆತ್ತಿ ಆಡಿಸುತ್ತಿದ್ದವು. ಕೆಲವು ಹಸಿರು ರಸ ಕಕ್ಕಿದವು. ತಮ್ಮನ ನಗು ನಿಂತಿತು.

ಎದುರುಮನೆಯವರ ಹುಳುಮನೆ ಖಾಲಿಯಿತ್ತು. ಯಾರ ಬಾಗಿಲಲ್ಲೂ ದನಿಯೆತ್ತದ ನಾನು ಬೀದಿಯಲ್ಲೇ ನಿಂತು ಕೂಗಿದೆ: "ಅಕ್ಕಾ, ಜಾಗ ಕೊಡಿ!"

"ಕೂಗ್ತಾ ನಿಂತ್ರೆ ಹುಳ ನಡ್ಕೊಂಡು ಬರ್ತಾವೇನಮ್ಮ? ತಟ್ಟೆ ಎತ್ತು!" ಎಂದು ಆಕೆ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು.

ಮೂವರೂ ತಟ್ಟೆ ಹೊತ್ತೆವು. ಮೊರದಲ್ಲಿ ಗಾಳಿ ಬೀಸಿದೆ, ಹೊಸ ಸೊಪ್ಪು ಹಾಕಿದೆ, ದೇವರನ್ನು ಬೈದೆ. ಬೆಳಗಾಗುವಷ್ಟರಲ್ಲಿ ಬಾಗಿಲ ಹತ್ತಿರವಿದ್ದ ತಟ್ಟೆಗಳೆಲ್ಲ ಕಪ್ಪಾಗಿದ್ದವು. ತಮ್ಮ ಗುಂಡಿ ತೋಡಿ, ಬುಟ್ಟಿಬುಟ್ಟಿ ಹುಳು ಸುರಿದು, ಅಲ್ಲೇ ಕೂತು ಅತ್ತ. ಅವನನ್ನು ಸಮಾಧಾನ ಮಾಡುವಷ್ಟೂ ಶಕ್ತಿ ನನ್ನಲ್ಲಿರಲಿಲ್ಲ.

ಕೊನೆಗೆ ಗೂಡು ಕಟ್ಟಿದ್ದು ಬಾಗಿಲಿಂದ ದೂರದ ಒಂದು ಮೂಲೆಯಲ್ಲಿದ್ದ ಹುಳು ಮಾತ್ರ. ದೊಡ್ಡ ತಾತ ಬಂದು ನೋಡಿದರು. "ಇನ್ನೇನಮ್ಮ?"

"ತೋಟ ಬಿಡಲ್ಲ," ಎಂದೆ. ಬೀದಿಯಲ್ಲಿ ಕೂಗಿ ಒಡೆದ ಗಂಟಲು ಇನ್ನೂ ಸರಿಹೋಗಿರಲಿಲ್ಲ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು; ತೋಟ ನನ್ನಲ್ಲೇ ಉಳಿಯಿತು.

ಬಾಗಿಲ ಉಳಿದರ್ಧ ಬಳಿಯಲೇ ಎಂದು ತಮ್ಮ ಕೇಳಲಿಲ್ಲ. ನಾನೂ ಹೇಳಲಿಲ್ಲ.