ಗ್ರಾಂ ಅಕ್ಕ ಕೂಸನ್ನು ತೂಗಿದ್ದು

ನನ್ನ ಕಿರಿಯ ಮಗಳನ್ನು ಲಾರಿಯವರೆಲ್ಲ ಗ್ರಾಂ ಅಕ್ಕ ಎಂದು ಕರೆಯುತ್ತಾರೆ. ಜಲ್ಲಿಕಲ್ಲಿನ ಯಾರ್ಡಿನ ಗೇಟಿನ ಹತ್ತಿರ ವೇಬ್ರಿಡ್ಜ್ ಇದೆ. ಲಾರಿ ಹತ್ತಿ ನಿಲ್ಲುವಷ್ಟು ದೊಡ್ಡ ಕಬ್ಬಿಣದ ಹಲಗೆ, ಅದರ ಕೆಳಗೆ ತೂಗುವ ಯಂತ್ರ. ಪಕ್ಕದ ಗಾಜಿನ ಗೂಡಿನಲ್ಲಿ ಅವಳು ಹನ್ನೊಂದು ವರ್ಷ ಕೂತಿದ್ದಾಳೆ. ಒಂದು ಚಕ್ರ ಹಲಗೆಯಿಂದ ನಾಲ್ಕು ಬೆರಳು ಆಚೆ ನಿಂತರೂ ಅವಳ ಕಣ್ಣು ತಪ್ಪುವುದಿಲ್ಲ.

"ಅಣ್ಣಾ, ಹಿಂದಿನ ಚಕ್ರ ಅತ್ತೆ ಮನೇಲಿ ಬಿಟ್ಟು ಬಂದಿದ್ದೀರಿ. ಹೋಗಿ ಕರ್ಕೊಂಡು ಬನ್ನಿ," ಎಂದು ಮೈಕಿನಲ್ಲಿ ಹೇಳುತ್ತಿದ್ದಳು. ಯಾರ್ಡಿಗೆ ಯಾರ್ಡೇ ನಗುತ್ತಿತ್ತು. ಅವಳ ಮುಖ ಮಾತ್ರ ಸಡಿಲವಾಗುತ್ತಿರಲಿಲ್ಲ. ಒಳಗೆ ನಗುತ್ತಿದ್ದಾಳೆ ಎಂಬುದು ಹೆತ್ತ ನನಗೆ ತಿಳಿಯುತ್ತಿತ್ತು.

ಹೆರಿಗೆ ಆದ ಮೇಲೆ ಹಾಗೆ ತಿಳಿಯುವುದು ನಿಂತುಹೋಯಿತು. ಅವಳು ಸಿಡುಕಲಿಲ್ಲ, ಅಳಲಿಲ್ಲ. ಕೂಸನ್ನು ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು, ಕೇಳಿದರೆ ಕೊಡುತ್ತಿದ್ದಳು, ಪಕ್ಕದವರ ಚೀಲ ಹಿಡಿದುಕೊಂಡವಳ ಹಾಗೆ. ತಟ್ಟೆ ಮುಂದಿಟ್ಟರೆ ಎರಡು ತುತ್ತು. ಕೂಸು ಬಾಯಿ ತೆರೆದಾಗ ಎದೆಗೆ ಹಿಡಿದು ಗೋಡೆ ನೋಡುತ್ತಿದ್ದಳು.

ಅಳಿಯ ಮೋಟಾರು ರಿಪೇರಿ ಮಾಡುವವನು. ನಿಂತದ್ದನ್ನು ಓಡಿಸಿಬಿಟ್ಟರೆ ಸರಿಹೋಗುತ್ತದೆ ಎಂಬುದು ಅವನ ನಂಬಿಕೆ. ಗೆಳೆಯನ ಹತ್ತಿರ ಕ್ಯಾಂಪರ್ ವ್ಯಾನೊಂದನ್ನು ಮೂರು ವಾರಕ್ಕೆ ಕೇಳಿ ತಂದ. ಒಳಗೆ ಮಡಚುವ ಮಂಚ ಎರಡು, ಒಂದೇ ಉರಿಯ ಒಲೆ, ಮೊಣಕಾಲಿಗೆ ತಾಗುವ ಸಿಂಕು. ಕೂಸಿಗೆ ಬೆಲ್ಟಿರುವ ಸೀಟನ್ನು ಅವನೇ ನಟ್ಟು ಬಿಗಿದು ಕೂರಿಸಿದ.

"ಗಾಳಿ ಬದಲಾಗ್ಲಿ ಅತ್ತೆ. ನೀವೂ ಬನ್ನಿ. ಕೂಸಿಗೆ ನಾಲ್ಕು ತಿಂಗಳಾಯ್ತಲ್ಲ," ಎಂದ. ನನ್ನ ಯಜಮಾನರು ಹೋಗಿ ಒಂಬತ್ತು ವರ್ಷ. ಮನೆಯಲ್ಲಿ ಕಾಯುವವರು ಯಾರೂ ಇಲ್ಲ. ಹೊರಟೆ.

ಹೊರಡುವ ಹಿಂದಿನ ದಿನ ಆಸ್ಪತ್ರೆಯಲ್ಲಿ ಕೂಸನ್ನು ತೂಗಿ ಕಾರ್ಡಿನಲ್ಲಿ ಐದು ಕಿಲೋ ಒಂಬೈನೂರು ಎಂದು ಬರೆದುಕೊಟ್ಟಿದ್ದರು. ತಿಂಗಳಿಗೆ ಅರ್ಧ ಕಿಲೋ ಆದರೂ ಏರಬೇಕು ಎಂದೂ ಹೇಳಿದ್ದರು.

ಹದಿನೆಂಟು ದಿನ ತಿರುಗಿದೆವು. ಸಮುದ್ರ ನೋಡಿದೆವು, ಬೆಟ್ಟ ಹತ್ತಿ ಇಳಿದೆವು. ಮಗಳು ಕಿಟಕಿಯ ಪಕ್ಕ ಕೂತು ಬಂದದ್ದನ್ನೆಲ್ಲ ಒಂದೇ ಸಮ ನೋಡಿದಳು. ಕೂಸು ಅಳಲೇ ಇಲ್ಲ. ವ್ಯಾನು ನಿಲ್ಲಿಸಿದ ಕಡೆಯಲ್ಲೆಲ್ಲ ಜನ ಬಂದು, "ಎಂಥ ಜಾಣ ಕೂಸು! ಗಾಡೀಲಿ ಮಗು ಇದೆ ಅಂತಾನೇ ಗೊತ್ತಾಗಲ್ಲ," ಎಂದು ಹೊಗಳಿದರು. ನಾಲ್ಕು ಹೆತ್ತವಳು ನಾನು. ನಾನೂ ಹೌದು ಹೌದು ಎಂದೆ.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಕೂಸಿನ ಮೈ ಒರೆಸುತ್ತಿದ್ದೆ. ಮಗಳು ಅದನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ಹಿಡಿದಳು.

"ಅಮ್ಮ, ಇದು ಹಗುರ ಆಗಿದೆ."

"ನಿನ್ನ ಕೈಗೆ ರೂಢಿ ಆಗಿದೆ ಕಣೇ," ಎಂದೆ.

ಅಳಿಯ ಮುಂದಿನ ಸೀಟಿನಿಂದ ತಿರುಗಿದ. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಿನಗೆ ಹೆಗ್ಗಣ ತೆಳ್ಳಗೆ ಕಾಣ್ತಿದೆಯಾ?"

"ನಂಗೆ ಮುದ್ದೂ ಅನ್ನಿಸಲ್ಲ, ಭಯಾನೂ ಅನ್ನಿಸಲ್ಲ. ಅನ್ನಿಸಿದ್ರೆ ಅದನ್ನೇ ನಂಬ್ತಿದ್ದೆ. ತೂಗಬೇಕು ರೀ."

ದಾಟಿ ಬಂದ ಪಟ್ಟಣದ ಆಸ್ಪತ್ರೆ ನಾಲ್ಕು ಗಂಟೆ ಹಿಂದಕ್ಕಿತ್ತು. "ಇನ್ನು ಮೂರೇ ದಿನ. ಮನೆಗೆ ಹೋಗ್ತಾನೇ ತೋರಿಸೋಣ, ಸುಮ್ನೆ ಹೆದರಿಸ್ಬೇಡ," ಎಂದು ಅವನು ಗಾಡಿಯನ್ನು ಮುಂದಕ್ಕೇ ಬಿಟ್ಟ. ಹತ್ತು ಮೈಲಿ ಹೋದ ಮೇಲೆ ಒಂದು ಕಾಳಿನ ಗೋದಾಮು ಬಂತು. "ನಿಲ್ಸಿ," ಎಂದಳು. ಅಲ್ಲಿ ವೇಬ್ರಿಡ್ಜ್ ಇತ್ತು.

ಗಾಜಿನ ಗೂಡಿನಿಂದ ದಪ್ಪ ಕನ್ನಡಕದ ಒಬ್ಬ ಮುದುಕ ಇಣುಕಿದ. "ಎಲಾ, ಮನೇನೇ ಕಿತ್ಕೊಂಡು ತೂಗಿಸೋಕೆ ಬಂದ್ರಾ?"

"ಕೂಸನ್ನ ತೂಗಬೇಕು."

"ತಾಯಿ, ಇದು ಹತ್ತು ಹತ್ತು ಕಿಲೋಗೆ ಹಾರೋ ಯಂತ್ರ. ನಿಮ್ಮ ಕೂಸು ಇದರ ಲೆಕ್ಕಕ್ಕೆ ಸೊಳ್ಳೆ."

"ಗೊತ್ತಣ್ಣ. ನಾನೂ ಇದೇ ಕೆಲಸದವಳು. ಎಲ್ಲಿ ಹಾರುತ್ತೆ ಅನ್ನೋದು ಸಿಕ್ಕಿದ್ರೆ ಸಾಕು."

ಮುದುಕ ಅವಳ ಮುಖ ನೋಡಿದ. ಮತ್ತೆ ನಗೆಯಾಡಲಿಲ್ಲ. ಹೊರಗೆ ಬಂದು ಕಾಯುತ್ತಿದ್ದ ಲಾರಿಗೆ ಕೈ ಅಡ್ಡ ಹಿಡಿದ.

ಅವಳು ಮಾಡಿದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಕುಡಿಯುವ ನೀರಿನ ಅರ್ಧ ಲೀಟರ್ ಬಾಟಲಿಗಳ ಪೆಟ್ಟಿಗೆಯನ್ನು ಕೆಳಗಿಳಿಸಿದಳು. ನಮ್ಮನ್ನೂ ಇಳಿಸಿದಳು. ಒಳಗೆ ಕೂಸು ಒಂದೇ, ಸೀಟಿನಲ್ಲಿ. ಕಾಲ ಬಳಿ ಒಂದು ಖಾಲಿ ಬಕೆಟ್ಟು. ಗೂಡಿನಲ್ಲಿ ಎರಡು ಸಾವಿರದ ಎಂಟುನೂರ ಅರವತ್ತು ಕಿಲೋ ಎಂದು ಬಂತು. ಒಂದು ಬಾಟಲಿ ಒಳಗಿಟ್ಟು ಹಲಗೆಯಿಂದ ಇಳಿದು ನೋಡಿದಳು. ಇನ್ನೊಂದು ಇಟ್ಟು ಇಳಿದಳು. ಮೂರನೆಯದಕ್ಕೆ ಎಪ್ಪತ್ತಕ್ಕೆ ಹಾರಿತು. ಅದೊಂದನ್ನು ತೆಗೆದು, ಅಡುಗೆಯ ಅಳತೆ ಲೋಟದಲ್ಲಿ ನೂರು ನೂರು ಗ್ರಾಂ ನೀರನ್ನು ಬಕೆಟ್ಟಿಗೆ ಹುಯ್ದಳು. ಮೂರನೆಯ ಲೋಟಕ್ಕೆ ಹಾರಿತು. ಎರಡು ಬಾಟಲಿ, ಮೂರು ಲೋಟ.

ಬಕೆಟ್ಟು ಬರಿದು ಮಾಡಿದಳು, ಬಾಟಲಿ ಹೊರಗಿಟ್ಟಳು, ಕೂಸನ್ನು ತಂದು ನನ್ನ ಕೈಗೆ ಕೊಟ್ಟಳು. ಯಂತ್ರ ಅದೇ ಅರವತ್ತು ತೋರಿಸುತ್ತಿತ್ತು. ಕೂಸು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅವಳು ಮತ್ತೆ ಮೊದಲಿನಿಂದ ಒಂದೊಂದೇ ಬಾಟಲಿ ಇಡತೊಡಗಿದಳು. ಲಾರಿಯವನು ಹಾರ್ನು ಹೊಡೆದ. ಅವಳು ತಿರುಗಲಿಲ್ಲ. ಈ ಸಲ ಹದಿಮೂರು ಬಾಟಲಿ, ನಾಲ್ಕು ಲೋಟ ಹಿಡಿಯಿತು. ಎಲ್ಲವನ್ನೂ ಇಳಿಸಿ ಇನ್ನೊಂದು ಸಲ ತೂಗಿದಳು. ಅಷ್ಟೇ ಬಂತು.

"ಕೂಸಿನ ಬದಲು ಹೆಚ್ಚಿಗೆ ಹಿಡಿದದ್ದು ಹನ್ನೊಂದು ಬಾಟಲಿ, ಒಂದು ಲೋಟ. ಐದು ಕಿಲೋ ಆರುನೂರು," ಎಂದಳು. "ಮುನ್ನೂರು ಗ್ರಾಂ ಇಳಿದಿದೆ."

ಅಳಿಯನ ಎರಡು ಕೈಯಲ್ಲೂ ಬಾಟಲಿಗಳಿದ್ದವು. "ಯಂತ್ರದ ತಪ್ಪಿರಬಹುದಲ್ವಾ?"

"ಎರಡು ಸಲ ತೂಗಿದೀನಿ. ಗಾಡಿ ತಿರುಗಿಸಿ."

ಅವನು ತಿರುಗಿಸಿದ. ಮತ್ತೆ ನಾಲ್ಕು ಗಂಟೆಯ ದಾರಿ. ಕೂಸು ನನ್ನ ಎದುರಿನ ಸೀಟಿನಲ್ಲಿ ಕಣ್ಣು ಬಿಟ್ಟುಕೊಂಡು ಸುಮ್ಮನಿತ್ತು. ಅಳುವುದಕ್ಕೂ ಮೈಯಲ್ಲಿ ಕಸುವು ಬೇಕು. ಅದು ನನಗೆ ಹದಿನೆಂಟು ದಿನ ಹೊಳೆಯಲಿಲ್ಲ. ಈಗ ಹೊಳೆದರೂ ಎದೆ ಒಡೆಯಲಿಲ್ಲ. ಮರಗಟ್ಟಿದ ಕಾಲಿನ ಹಾಗೆ ಇತ್ತು, ನನ್ನದೇ ಹೌದು, ಆದರೆ ಚಿವುಟಿದರೆ ನೋಯುವುದಿಲ್ಲ.

ಆಸ್ಪತ್ರೆಯ ನರ್ಸಮ್ಮ ಕೂಸಿನ ಬಟ್ಟೆ ಬಿಚ್ಚಿ ತೂಗಿದರು. ಐದು ಕಿಲೋ ಆರುನೂರ ಐವತ್ತು.

"ಐವತ್ತು ಗ್ರಾಂ ತಪ್ಪಿದೆ. ಅಲ್ಲಿ ಗಾಳಿ ಇತ್ತು," ಎಂದಳು ಮಗಳು.

"ಎಲ್ಲಿ ತೂಗಿದ್ರಿ?"

"ಲಾರಿ ತೂಗೋ ಕಡೆ."

ನರ್ಸಮ್ಮ ನಗಲು ಬಾಯಿ ತೆರೆದು ನಮ್ಮ ಮೂವರನ್ನೂ ನೋಡಿ ಮುಚ್ಚಿದರು. ಡಾಕ್ಟರು ಬಂದು ಕೂಸಿನ ನಾಲಿಗೆ, ನೆತ್ತಿ, ಹೊಟ್ಟೆ ನೋಡಿದರು. ಕಾಯಿಲೆ ಏನೂ ಕಾಣುತ್ತಿಲ್ಲ, ಹಾಲು ಸಾಲುತ್ತಿಲ್ಲ, ಇನ್ನು ನಾಲ್ಕು ದಿನ ತಡವಾಗಿದ್ದರೆ ಕಷ್ಟವಿತ್ತು, ಇವತ್ತು ಇಲ್ಲೇ ಇರಲಿ ಎಂದರು. ಪುಡಿ ಹಾಲು ಕಲಸಿ ಬಟ್ಟಲಲ್ಲಿ ತಂದುಕೊಟ್ಟರು. ಮಗಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚದಲ್ಲಿ ಹಾಕತೊಡಗಿದಳು. ಮೊದಲ ಎರಡು ಚಮಚ ಕಟವಾಯಿಯಿಂದ ಸೋರಿತು. ಮೂರನೆಯದನ್ನು ನುಂಗಿತು.

"ನೀವು ಹೇಗಿದ್ದೀರಿ? ಊಟ, ನಿದ್ದೆ?" ಎಂದು ನರ್ಸಮ್ಮ ಅವಳನ್ನು ಕೇಳಿದರು.

"ಚೆನ್ನಾಗಿದ್ದಾಳೆ ಸಿಸ್ಟರ್, ಸ್ವಲ್ಪ ಸುಸ್ತು ಅಷ್ಟೇ," ಎಂದ ಅಳಿಯ.

"ಚೆನ್ನಾಗಿಲ್ಲ," ಎಂದಳು ಮಗಳು. ಚಮಚ ನಿಲ್ಲಲಿಲ್ಲ. "ತೂಕ ಇಳಿದಿದೆ ಅಂತ ನಾನೇ ಕಂಡುಹಿಡಿದೆ. ಆಗಲೂ ಏನೂ ಅನ್ನಿಸಲಿಲ್ಲ. ಹೆತ್ತಾಗಿಂದ ಹೀಗೇ. ನನ್ನನ್ನೂ ನೋಡಿ."

ಅಳಿಯ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ನರ್ಸಮ್ಮ ಕುರ್ಚಿ ಎಳೆದುಕೊಂಡು ಅವಳೆದುರು ಕೂತು, ನೀವಿಬ್ಬರೂ ಸ್ವಲ್ಪ ಹೊರಗಿರಿ ಎಂದರು. ನಾನು ಕೂಸಿಗೆ ಕೈ ಚಾಚಿದೆ.

"ಇರ್ಲಿ ಅಮ್ಮ," ಎಂದಳು. "ಇನ್ನೂ ಕುಡೀತಿದೆ."

ನಾವಿಬ್ಬರೂ ಹೊರಗೆ ಬಂದು ಬೆಂಚಿನ ಮೇಲೆ ಕೂತೆವು.